ಬೊಮ್ಮಣ್ಣನ ಬೆನ್ನು

“ಸತ್ತೋರ ಗುಂಡಿ ಕೆದಕಿ ಹೊಟ್ಟೆ ಹೊರ್ಕಳೋ ನಾಯಿ ನೀನು. ಕೊನೆಗೆ ನಮ್ಮ ಅಜ್ಜನ್ನೂ ಕೊಲೆಗಾರ ಮಾಡಿದ್ಯಲ್ಲೋ!”

ಸದಾಶಿವಪ್ಪ ಹೇಮಂತನಿಗೆ ಹೀಗೆ ಬೈದಾಗ ವೀರಗಲ್ಲಿನ ಕಟ್ಟೆಯ ಸುತ್ತ ಊರೇ ನೆರೆದಿತ್ತು. ಹೇಮಂತನ ಕೊರಳಲ್ಲಿ ಆಗಷ್ಟೇ ಹಾಕಿದ ಸೇವಂತಿಗೆ ಹಾರ. ಸನ್ಮಾನ ಮಾಡ್ತೀವಿ ಅಂತ ಅವನನ್ನು ಶಿಕಾರಿಪುರದಿಂದ ಕಾರಿನಲ್ಲಿ ಕೂರಿಸಿಕೊಂಡು ಬಂದವನು ಸಿದ್ಧಲಿಂಗೇಶ್, ಈ ಊರಿನವನೇ, ಅಲ್ಲಿ ಮೆಕ್ಕೆಜೋಳದ ಮಂಡಿ ಇಟ್ಟವನು. ಸೊರಬ ದಾಟಿ ಈ ಊರಿಗೆ ತಿರುಗುವಾಗ ಹಿಂದೆ ಎರಡು ಟೆಂಪೊ ಬರುತ್ತಿದ್ದವು, ತುಂಬ ಗಂಡಸರು. ಮೊದಲ ಕಾದಂಬರಿಗೇ ಇಷ್ಟು ಅಭಿಮಾನಿಗಳಾ ಅಂತ ಹೇಮಂತ ಉಬ್ಬಿಹೋಗಿದ್ದ. ಹೊಗಳಿಕೆ ಸಿಕ್ಕಿದರೆ ಓದಿದವರಿಗೆ ಕಣ್ಣೇ ಕಾಣುವುದಿಲ್ಲ.

ಹೇಮಂತ ಪುರಾತತ್ವದವನು. ವರ್ಷಗಳ ಹಿಂದೆ ಈ ಕಲ್ಲನ್ನು ನೋಡಲು ಬಂದಿದ್ದ. ತಲೆಮಾರುಗಳಿಂದ ಊರವರು ಅದರ ಮೇಲೆ ಕುಡುಗೋಲು ಮಸೆದು ಮಸೆದು ಅಕ್ಷರವೆಲ್ಲ ಅಳಿಸಿಹೋಗಿತ್ತು. ವೀರನ ಹೆಸರೇ ಇರಲಿಲ್ಲ. ಆದರೆ ಹೇಮಂತ ಹಾಡು ಕಟ್ಟುವವನೂ ಹೌದು. ಹಾಡಿಗೆ ಒಂದು ಹೆಸರು ಬೇಕಿತ್ತು, ಬೊಮ್ಮಣ್ಣ ಅಂದ. ಅಳಲು ಯಾರಾದರೂ ಬೇಕಿತ್ತು, ಒಬ್ಬ ಅಣ್ಣನನ್ನು ತಂದ. ಹಾಡು ಮೈಕಿನಲ್ಲಿ ಕೂಗಿತು, ಊರ ಕಮಾನಿನ ಮೇಲೆ ಬೊಮ್ಮಣ್ಣ ಬಂದ. ಸದಾಶಿವಪ್ಪನವರ ಮನೆತನ ಅಣ್ಣನ ವಂಶವಾಯಿತು, ಸಿದ್ಧಲಿಂಗೇಶನದು ಬೊಮ್ಮಣ್ಣನ ವಂಶ. ಹಿರಿಯನ ಕಡೆಯವರು ಅಂತ ಕಲ್ಲಿನ ಮೊದಲ ಪೂಜೆ ಸದಾಶಿವಪ್ಪನವರದಾಯಿತು. ಕಲ್ಲು ಓದುವವನು ಬರೆದ ಮೇಲೆ ಅದು ಕಲ್ಲಿನಲ್ಲೇ ಇರಬೇಕಲ್ಲ!

ಈಗ ಕಾದಂಬರಿಯಲ್ಲಿ ಅದೇ ಅಣ್ಣ, ಊರ ದನ ಉಳಿಸಲು ಹೋರಾಡುವ ತಮ್ಮನ ಬೆನ್ನಿಗೆ ಈಟಿ ಹಾಕುತ್ತಾನೆ.

“ಬೈಬ್ಯಾಡ್ರೀ ದೊಡ್ಡಪ್ಪ,” ಎಂದ ಸಿದ್ಧಲಿಂಗೇಶ್. “ಬಲ್ಲೋರು ಬರ್ದಾರೆ. ಬೆನ್ನಿಗೆ ಇರಿದೋರ ಕೈಯಿಂದ ಬೊಮ್ಮಣ್ಣಂಗೆ ಆರತಿನಾ? ಇವತ್ತಿಂದ ಮೊದಲ ಪೂಜೆ ನಮ್ದು.”

“ಕಾದಂಬರಿ ಅಂದ್ರೆ ಸುಳ್ಳು ಕಣೋ!”

“ಹಂಗಾರೆ ಹಾಡೂ ಸುಳ್ಳಾ? ಮೊಮ್ಮಗಂಗೆ ಬೊಮ್ಮಣ್ಣ ಅಂತ ಹೆಸರಿಟ್ರಲ್ಲ, ಆಧಾರ್ ಕಾರ್ಡ್ ಹರೀತೀರೇನು?”

ಟೆಂಪೊದವರು ಗೊಳ್ಳೆಂದು ನಕ್ಕರು. ಊರವರಲ್ಲಿ ಯಾರೂ ನಗಲಿಲ್ಲ. ಅವರಲ್ಲಿ ಇಬ್ಬರು ಮೆಲ್ಲಗೆ ಕೊಟ್ಟಿಗೆ ಕಡೆ ಹೋಗಿ ಬಂದರು. ಬರುವಾಗ ಹೆಗಲ ಮೇಲಿದ್ದ ಟವೆಲ್ ಕೈಗೆ ಸುತ್ತಿತ್ತು, ಅದರ ತುದಿಯಲ್ಲಿ ಕುಡುಗೋಲಿನ ಮೂತಿ ಹೊಳೆಯಿತು. ಟೆಂಪೊದ ಹಿಂಬಾಗಿಲು ದಡಾರನೆ ತೆರೆಯಿತು. ಒಳಗಿದ್ದ ಹಾರೆ, ಗುದ್ದಲಿ ಕಾವು ಒಂದೊಂದೇ ಕೈಗೆ ಬಂದವು.

ಸದಾಶಿವಪ್ಪನ ಹೆಂಡತಿ ಶಕುಂತಲಮ್ಮ ಆರತಿ ತಟ್ಟೆ ಹಿಡಿದೇ ಕಟ್ಟೆ ಇಳಿದು ಹೇಮಂತನ ಎದುರು ನಿಂತಳು.

“ನೀವೇ ಹೇಳ್ರಿ ತಮ್ಮಾ. ನಿಮ್ಮ ಹಾಡು ಹೇಳ್ಕಂಡೇ ಮೊಮ್ಮಕ್ಕಳನ್ನ ಮಲಗ್ಸಿದೀನಿ. ಅಣ್ಣ ಇರಿದ ಅನ್ನೋದು ಕಲ್ಲಲ್ಲಿ ಐತಾ? ಇಲ್ಲ ಅನ್ರಿ ಸಾಕು. ಇವ್ರೆಲ್ಲ ಮನೆಗೆ ಹೋಗ್ತಾರೆ.”

ಇಲ್ಲ. ಎರಡಕ್ಷರ. ಆದರೆ ಇಲ್ಲ ಅಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಕಲ್ಲಲ್ಲಿ ಏನಿದೆ? ಏನೂ ಇಲ್ಲ, ಬೊಮ್ಮಣ್ಣನೂ ಇಲ್ಲ. ಹಾಡು ಹೋಯಿತು, ವಿದ್ವಾಂಸ ಅನ್ನುವ ಹೆಸರು ಹೋಯಿತು. ಅಜ್ಜನನ್ನು ಕಳೆದುಕೊಂಡ ಎರಡೂ ಗುಂಪು ಸೇರಿ ತನ್ನ ಕಡೆಗೇ ತಿರುಗಿದರೆ?

ಹೇಮಂತ ಹಾರ ತೆಗೆದು ಕಟ್ಟೆಯ ಅಂಚಿಗೆ ಇಟ್ಟ. ಜನ ದಾರಿ ಬಿಟ್ಟರು. ಅವನು ಮಾತಾಡಲು ಎತ್ತರದ ಜಾಗ ಹುಡುಕುತ್ತಿದ್ದಾನೆ ಅಂದುಕೊಂಡರೋ ಏನೋ. ಅವನು ಟೆಂಪೊ ದಾಟಿದ, ಕಮಾನು ದಾಟಿದ, ಬಸ್ಸು ನಿಲ್ಲುವ ಟಾರು ರಸ್ತೆಯ ಕಡೆ ಹೊರಟ.

“ತಮ್ಮಾ, ಒಂದೇ ಮಾತು ಹೇಳಿ ಹೋಗ್ರೀ!”

ಹಿಂದೆ ಹಿತ್ತಾಳೆ ತಟ್ಟೆ ಕಲ್ಲಿಗೆ ಬಡಿದ ಸದ್ದು. ಆಮೇಲೆ ಯಾರೋ ಒಬ್ಬ ಗಂಡಸು ಕಿರುಚಿದ. ಹೇಮಂತ ತಿರುಗಲಿಲ್ಲ. ಇನ್ನಷ್ಟು ಬಿರಬಿರನೆ ನಡೆದ.