ಬಾಗಿಲಿಗಿಂತ ದೊಡ್ಡ ಆನೆ

ಸದಾ ಮೈಗೆ ಮರದ ಹೊಟ್ಟು ಮೆತ್ತಿಕೊಂಡು ತಿರುಗುವ ಶಿಲ್ಪಿ ಅವಳು, ಬೀದಿಯವರಿಗೆಲ್ಲ ಮರದಕ್ಕ. ಆನೆ ಮಾಡಲು ಕೂತಾಗ ಅವಳು ಬಾಗಿಲು ಅಳೆಯಲಿಲ್ಲ. ಕೈಯಲ್ಲಿ ಕಲೆ ಇದ್ದವರಿಗೆ ತಲೆಯಲ್ಲಿ ಟೇಪು ಇರುವುದಿಲ್ಲ ಎಂದು ಅವಳ ಬಡಗಿ ಅಣ್ಣ ಅನ್ನುತ್ತಿದ್ದುದು ಸುಮ್ಮನೆ ಅಲ್ಲ. ಹಲಗೆ ಹಲಗೆಯಾಗಿ ಒಳಗೆ ಬಂದ ಮರ ಆರು ವರ್ಷ ಅಂಟು, ಗೂಟ, ಉಳಿಯ ಏಟು ತಿಂದು ಆನೆಯಾಗಿ ನಿಂತಿತು. ಬಾಗಿಲು ಮಾತ್ರ ಮೂರಡಿಯಲ್ಲೇ ಉಳಿಯಿತು.

ಅವಳ ಕೋಣೆಯಿದ್ದ ಹಳೆಯ ನೂಲಿನ ಗೋದಾಮಿಗೆ ಅವಳಂಥ ಹತ್ತಾರು ಕಲಾವಿದರು ಅಗ್ಗದ ಬಾಡಿಗೆಗೆಂದು ಬಂದು, ಗೋಡೆಗೆ ಬಣ್ಣ ಬಳಿದು, ಬೀದಿಗೇ ಕಳೆ ತಂದಿದ್ದರು. ಕಳೆ ಬಂದದ್ದೇ ತಡ, ಬಾಡಿಗೆ ಗಗನಕ್ಕೇರಿತು. ಈಗ ಗೋದಾಮನ್ನೇ ಕೆಡವಿ ಎತ್ತರದ ಮನೆಗಳನ್ನು ಕಟ್ಟುತ್ತಾರಂತೆ. ಎದುರಿನ ಜಾಹೀರಾತು ಫಲಕದಲ್ಲಿ ದಪ್ಪ ಅಕ್ಷರ: 'ಕಲಾವಿದರ ಬೀದಿಯಲ್ಲಿ ನಿಮ್ಮ ಮನೆ'. ಕಲಾವಿದರನ್ನು ಓಡಿಸಿ ಹೆಸರನ್ನು ಮಾತ್ರ ಇಟ್ಟುಕೊಂಡರು, ಪುಣ್ಯಾತ್ಮರು.

ಅಂದು ಖಾಲಿ ಮಾಡಲು ಕೊನೆಯ ದಿನ. ಊರಾಚೆಯ ಮಕ್ಕಳ ಆಸ್ಪತ್ರೆಯವರು ತಮ್ಮ ಅಂಗಳಕ್ಕೆ ಆನೆ ಬೇಕೆಂದಿದ್ದರು. ಆಸ್ಪತ್ರೆಯ ಹಿಂಭಾಗದ ಶೆಡ್ಡನ್ನೂ ಅವಳ ಕೆಲಸಕ್ಕೆ ಬಿಟ್ಟುಕೊಟ್ಟಿದ್ದರು. ಲಾರಿ ಹೊರಗೆ ನಿಂತಿತ್ತು. ಅಣ್ಣ ಗರಗಸ ತಂದಿದ್ದ.

“ಹೊಟ್ಟೆ ಹತ್ರ ಎರಡು ಭಾಗ ಮಾಡೋಣ. ಅಲ್ಲಿ ಹೋಗಿ ಜೋಡಿಸ್ತೀನಿ.”

“ಜೋಡಿಸಿದ್ದು ಕಾಣಲ್ವಾ?”

ಅಣ್ಣ ಸುಳ್ಳು ಹೇಳುವವನಲ್ಲ. ತಲೆ ಕೆರೆದುಕೊಂಡ. “ಕಾಣುತ್ತೆ ಕಣೇ. ಮಳೆ ನೀರೂ ಇಳಿಯುತ್ತೆ.”

ಮರದಕ್ಕ ಸೀಮೆಸುಣ್ಣದಿಂದ ತಾನೇ ಗೆರೆ ಎಳೆದಳು. ತನ್ನ ಹೊಟ್ಟೆಗೇ ಗರಗಸ ಇಟ್ಟಷ್ಟು ಸಂಕಟವಾಯಿತು. ಗೋಡೆ ಕಡೆ ತಿರುಗಿ ನಿಂತಳು.

ಅಷ್ಟರಲ್ಲಿ ಕಟ್ಟಡ ಕೆಡಹಲು ಬಂದ ಮೇಸ್ತ್ರಿ ಒಳಗೆ ಇಣುಕಿದ. ಅವನನ್ನು ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು. ನಿನ್ನೆ ಅವನು ಕುಡಿಯಲು ನೀರು ಕೇಳಿದರೂ ಕೊಟ್ಟಿರಲಿಲ್ಲ.

“ಇಷ್ಟು ಚೆಂದದ ಆನೇನ ಯಾಕಕ್ಕ ಕುಯ್ತೀರಾ?”

“ಬಾಗಿಲಲ್ಲಿ ಹೋಗಲ್ವಲ್ಲಪ್ಪ!”

ಮೇಸ್ತ್ರಿ ಬಾಗಿಲು ನೋಡಿದ, ಆನೆ ನೋಡಿದ, ಬೀದಿ ಕಡೆಯ ಗೋಡೆ ನೋಡಿ ನಕ್ಕೇಬಿಟ್ಟ. “ನಾಳೆ ನಾನು ಬೀಳಿಸೋ ಮೊದಲ್ನೇ ಗೋಡೆನೇ ಇದು. ಇವತ್ತೇ ಬೀಳಿಸಿದ್ರೆ ಯಾರಪ್ಪನ ಗಂಟು ಹೋಗುತ್ತೆ? ಆನೆ ನಡೆದದ್ದೇ ದಾರಿ ಅಂತಾರಲ್ಲ!”

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ವಾರವೆಲ್ಲ ಬಾಗಿಲು ಅಳೆದಿದ್ದರು, ಕಿಟಕಿ ಅಳೆದಿದ್ದರು. ಗೋಡೆ ಹೊಳೆದೇ ಇರಲಿಲ್ಲ. ಇಪ್ಪತ್ತು ವರ್ಷ ಬಾಡಿಗೆ ಕೋಣೆಗಳಲ್ಲಿ ಒಂದು ಮೊಳೆ ಹೊಡೆಯಲೂ ಹೆದರಿ ಬದುಕಿದವಳಿಗೆ ಅದು ಹೊಳೆಯುವುದಾದರೂ ಹೇಗೆ?

“ಮೊದಲ ಏಟು ನಿಮ್ದೇ ಅಕ್ಕ,” ಎಂದು ಮೇಸ್ತ್ರಿ ಸುತ್ತಿಗೆ ಚಾಚಿದ.

ಅವಳು ಮೊದಲು ಅವನಿಗೆ ಒಂದು ಚೊಂಬು ನೀರು ಕೊಟ್ಟಳು. ಆಮೇಲೆ ಬೀಸಿ ಹೊಡೆದಳು. ಇಟ್ಟಿಗೆ ಉದುರಿ ಬೀದಿಯ ಬಿಸಿಲು ಒಳಗೆ ಬಂದಾಗ ಜೋರಾಗಿ ನಕ್ಕಳು, ಕಣ್ಣಲ್ಲಿ ನೀರೂ ಬಂತು. ಎದೆಯ ಮೇಲಿನ ಭಾರ ಇಳಿದಿತ್ತು.

ಮಧ್ಯಾಹ್ನದ ಹೊತ್ತಿಗೆ ಆನೆ ಇಡಿಯಾಗಿ ಲಾರಿ ಏರಿತು. ಲಾರಿ ಹೊರಟಾಗ ಅವಳು ಅದರ ಮೇಲೆ ಆನೆಯ ಪಕ್ಕದಲ್ಲೇ ನಿಂತು, ಹೊಟ್ಟೆಯ ಮೇಲಿದ್ದ ಸೀಮೆಸುಣ್ಣದ ಗೆರೆಯನ್ನು ಅಂಗೈಯಿಂದ ಉಜ್ಜಿ ಅಳಿಸಿದಳು.