ಗೇಟು ತೆರೆಯುವ ಹೊತ್ತು

ಕಾಶಿರಾಮ ಕೀಲಿಕೈಯನ್ನು ಕಣಿವೆಗೆ ಎಸೆದುಬಿಟ್ಟ. ಎಸೆದವನೇ ಗೇಟಿನ ಸರಪಳಿಗೆ ಜೋತುಬಿದ್ದಿದ್ದ ಬೀಗವನ್ನು ಬಲಗೈಯಿಂದ ಬಿಗಿಯಾಗಿ ಹಿಡಿದುಕೊಂಡು ನಿಂತ. ಕೀಲಿಕೈ ಬಿದ್ದ ಸದ್ದು ಕೂಡ ಕೇಳಲಿಲ್ಲ, ಅಷ್ಟು ಆಳ ಆ ಘಾಟು. ಹಬೀಬ ಒಮ್ಮೆ ಕಣಿವೆಯನ್ನು ನೋಡಿದ, ಒಮ್ಮೆ ಕಾಶಿರಾಮನನ್ನು ನೋಡಿದ. ಆಮೇಲೆ ಟೆಂಪೊದ ಹಿಂಬಾಗಿಲು ತೆಗೆದು, ಗಾಲಿ ಬಿಚ್ಚುವ ಪಾನಾ ಕೈಗೆತ್ತಿಕೊಂಡ.

ಗಾಡಿಯೊಳಗೆ ಸ್ನೇಹಲ ನರಳುತ್ತಿದ್ದಳು. ಹುಮನಾಬಾದಿನ ಶಾಲೆಯೊಂದಕ್ಕೆ ಆರು ತಿಂಗಳ ಹಿಂದಷ್ಟೇ ಸೇರಿದ್ದ ಚಿಕ್ಕ ವಯಸ್ಸಿನ ಮೇಡಂ. ಕೊಳಕುಮಂಡಲ ಕಚ್ಚಿ ಐವತ್ತು ನಿಮಿಷ ಆಗಿತ್ತು. ಕಾಲು ಮೊಣಕಾಲಿನವರೆಗೆ ಬಾತು ಚರ್ಮ ಹೊಳೆಯತೊಡಗಿತ್ತು, ಒಸಡಿನಿಂದ ರಕ್ತ ಜಿನುಗುತ್ತಿತ್ತು. ಆಸ್ಪತ್ರೆ ಇದ್ದದ್ದು ಘಾಟಿನ ಬುಡದಲ್ಲಿ, ಗೇಟಿನಿಂದ ಇಪ್ಪತ್ತೆರಡು ಕಿಲೋಮೀಟರು. ಇನ್ನೊಂದು ದಾರಿ ಬೆಟ್ಟವನ್ನೆಲ್ಲ ಸುತ್ತಿಕೊಂಡು ಹೋಗುತ್ತಿತ್ತು, ಐದು ತಾಸು. ಐದು ತಾಸು ಈ ಹುಡುಗಿ ತಡೆಯುವುದಿಲ್ಲ ಎಂದು ಹಬೀಬನಿಗೆ ಅನಿಸಿತ್ತು.

ಬಸವಕಲ್ಯಾಣದ ಹಬೀಬ ಹನ್ನೊಂದು ವರ್ಷದಿಂದ ಜನರನ್ನು ಸಹ್ಯಾದ್ರಿಯ ಕಾಡಿಗೆ ಕರೆದುಕೊಂಡು ಹೋಗುತ್ತಿದ್ದ. ಬಯಲುಸೀಮೆಯ ನಮ್ಮ ಜನಕ್ಕೆ ಕಾಡೆಂದರೆ ಅಂಥ ಹುಚ್ಚು. ಒಂದು ನವಿಲು ಕಂಡರೆ ಮೂರು ತಿಂಗಳು ಅದನ್ನೇ ಹೇಳಿಕೊಂಡು ತಿರುಗುತ್ತಾರೆ. ಮಂದಿಯನ್ನು ಕೂಡಿಸುವವನು ಹುಮನಾಬಾದಿನ ಮಾಸ್ತರ ಅನೀಲಕುಮಾರ, ಗಾಡಿಯೂ ಹೊಂಚಿಕೆಯೂ ಹಬೀಬನದು. ಮೂರು ವರ್ಷದ ಕೆಳಗೆ ಘಾಟಿನ ರಸ್ತೆ ಅಗಲ ಮಾಡುವ ಕೆಲಸ ಶುರುವಾದಾಗ ಉಳಿದ ಟ್ರಿಪ್ಪಿನವರೆಲ್ಲ ಆ ಕಡೆ ಹೋಗುವುದನ್ನೇ ಬಿಟ್ಟರು. ಹಬೀಬ ಬಿಡಲಿಲ್ಲ. ಗೇಟು ತೆರೆಯುವುದು ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಏಳು. ನಡುವಿನ ಹೊತ್ತೆಲ್ಲ ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸುವ, ಸುರುಂಗ ಹಾರಿಸುವ ಕೆಲಸ. ಹಬೀಬ ಈ ಹೊತ್ತುಗಳನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡು, ಹತ್ತುವುದು ಯಾವಾಗ, ಇಳಿಯುವುದು ಯಾವಾಗ, ಡಬ್ಬಿ ಬಿಚ್ಚುವುದು ಎಲ್ಲಿ ಎಂದು ಮದುವೆಯ ಮುಹೂರ್ತದಂತೆ ಕೂಡಿಸುತ್ತಿದ್ದ. ಅವನದೊಂದು ಕಟ್ಟುನಿಟ್ಟು ಇತ್ತು. ಗೇಟು ಮುಚ್ಚಿದ ಹೊತ್ತಿನಲ್ಲಿ ಯಾರೂ ಕಾಡಿಗೆ ಇಳಿಯುವಂತಿಲ್ಲ. ಏನಾದರೂ ಆದರೆ ಕೆಳಗೆ ಹೋಗಲು ದಾರಿ ಇರುವುದಿಲ್ಲ, ಡೇರೆಯಲ್ಲಿ ತೆಪ್ಪಗೆ ಕೂತಿರಬೇಕು. ಮಾಸ್ತರಗಳು ಗೊಣಗುತ್ತಿದ್ದರು. ಗೊಣಗಲಿ ಎನ್ನುತ್ತಿದ್ದ.

ಗೇಟಿನ ಹೊತ್ತು ಬದಲಾದಾಗಲೆಲ್ಲ ಫೋನ್ ಮಾಡಿ ಹೇಳುತ್ತಿದ್ದವನು ಕಾಶಿರಾಮ. ಹುಲಸೂರಿನವನು, ಹುಮನಾಬಾದ ಕಡೆಯ ರಸ್ತೆ ಕೆಲಸದ ಗ್ಯಾಂಗಿನ ಜೊತೆ ಹೋಗಿ ಅಲ್ಲಿ ಗೇಟು ಕಾಯುವವನಾಗಿದ್ದ. ಎಲ್ಲರೂ ಮರಾಠಿ ಆಡುವ ಆ ಬೆಟ್ಟದಲ್ಲಿ ಮೊದಲ ಸಲ “ಯಾವೂರ್ರಿ ನಿಮ್ದು?” ಎಂದು ಕೇಳಿದ್ದೇ ಅವನು. ಅಂದಿನಿಂದ ಹಬೀಬನಿಗೆ ಆ ಘಾಟಿನಲ್ಲೂ ಒಬ್ಬ ಮನೆಯವನಿದ್ದಂತಾಗಿತ್ತು.

ಈ ಸಲದ ಟ್ರಿಪ್ಪಿನ ನಡುವೆ ಎಳ್ಳಮಾಸಿ, ಎಳ್ಳು ಅಮಾವಾಸ್ಯೆಯ ಹಬ್ಬ, ಬಂತು. ಎಳ್ಳಮಾಸಿ ಎಂದರೆ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಪೇಟೆ ಬಂದ್, ಕಚೇರಿ ಖಾಲಿ, ನಾಯಿಗಳು ಕೂಡ ಕಾಳು ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿಯ ವಾಸನೆ ಹಿಡಿದು ಹೊಲದ ದಾರಿ ಹಿಡಿಯುತ್ತವೆ. ಹಿಂದೂ ಮುಸಲ್ಮಾನ ಎನ್ನದೆ ಎಲ್ಲರಿಗೂ ಯಾರದಾದರೂ ಹೊಲದಲ್ಲಿ ಊಟ ಇದ್ದೇ ಇರುತ್ತದೆ. ಗ್ಯಾಂಗಿನವರೆಲ್ಲ ಹಿಂದಿನ ಸಂಜೆಯೇ ಲಾರಿ ಹತ್ತಿ ಊರಿಗೆ ಹೋಗುತ್ತಾರೆ, ಮರುದಿನ ಕೆಲಸ ಇಲ್ಲ, ತಾನೊಬ್ಬನೇ ಗೇಟಿನಲ್ಲಿ ಎಂದು ಕಾಶಿರಾಮ ವಾರದ ಮೊದಲೇ ಹೇಳಿದ್ದ. ಹಬೀಬ ಅಷ್ಟಕ್ಕೇ ಲೆಕ್ಕ ಮುಗಿಸಿದ. ಕೆಲಸ ಇಲ್ಲವೆಂದರೆ ಸುರುಂಗ ಇಲ್ಲ, ಸುರುಂಗ ಇಲ್ಲವೆಂದರೆ ಗೇಟು ದಿನವಿಡೀ ತೆರೆದಂತೆಯೇ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಅಂದು ಬೆಳಿಗ್ಗೆ ಹತ್ತು ಗಂಟೆಗೆ, ಎಂಟು ಜನರನ್ನು ಕಾಡಿಗೆ ಇಳಿಯಲು ಬಿಟ್ಟ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರೆ. ದೈವದ ಮಾತು ಬೇಡ, ಹಬೀಬ ಬಗೆದದ್ದೇ ಅರ್ಧ.

ಹತ್ತೂವರೆಗೆ ಸ್ನೇಹಲ ಚೀರಿದಳು. ಬಿಸಿಲಿಗೆ ಮೈಯೊಡ್ಡಿ ಎಲೆಗಳ ನಡುವೆ ಬಿದ್ದುಕೊಂಡಿದ್ದ ಹಾವನ್ನು ತುಳಿದಿದ್ದಳು. ಅನೀಲಕುಮಾರ ಬ್ಲೇಡು ತೆಗೆದು ಗಾಯ ಕೊಯ್ಯಲು ಹೋದಾಗ ಹಬೀಬ ಅವನ ಕಪಾಳಕ್ಕೆ ಬಾರಿಸಿ ಬ್ಲೇಡು ಕಿತ್ತು ಎಸೆದ. ಅಂದಿನ ಮೊದಲ ಹೊಡೆತ ಅದು. ಇಬ್ಬರೂ ಅವಳನ್ನು ಎತ್ತಿಕೊಂಡು ಟೆಂಪೊಗೆ ಓಡಿದರು, ಉಳಿದವರೂ ಹತ್ತಿದರು. ಗೇಟು ಹತ್ತಿರವಾದಾಗ ಸರಪಳಿ ಬಿಗಿದದ್ದು ಕಂಡು, ಕಾಶಿರಾಮ ಮರೆತು ಹಾಕಿರಬೇಕು ಎಂದೇ ಹಬೀಬ ಹಾರ್ನ್ ಹೊಡೆದ.

ಕಾಶಿರಾಮ ರಸ್ತೆಯ ಅಂಚಿಗೆ ಟವೆಲ್ ಹಾಸಿ ಊಟಕ್ಕೆ ಕೂತಿದ್ದ. ಅವನ ಹೆಂಡತಿ ಅಂಬುಬಾಯಿ ಕೊಟ್ಟ ಬುತ್ತಿಯನ್ನು ಹುಲಸೂರಿಗೆ ಸುತ್ತು ಹಾಕಿ ಹೋಗಿ ತಂದುಕೊಟ್ಟವನು ಹಬೀಬನೇ. ಸಜ್ಜೆ ರೊಟ್ಟಿ, ಕಡುಬು, ಡಬ್ಬಿಯ ತುಂಬ ಭಜ್ಜಿ. ಹೊಲ ಇಲ್ಲದ ಆ ಬೆಟ್ಟದಲ್ಲಿ ಕಾಶಿರಾಮ ರಸ್ತೆಯ ಪಕ್ಕದ ಹುಲ್ಲಿಗೇ ಭೂಮಿತಾಯಿಯ ಪಾಲೆಂದು ಚರಗ ಚೆಲ್ಲಿ, ಮೊದಲ ತುತ್ತಿಗೆ ಕೈ ಹಾಕುವುದರಲ್ಲಿದ್ದ. ಎದ್ದು ಬಂದು ಗಾಡಿಯೊಳಗೆ ಇಣುಕಿದ. ಅವನ ಮುಖ ಬಿಳಿಚಿಕೊಂಡಿತು.

“ಗೇಟ್ ತೆಗಿಲಾಕ ಬರಂಗಿಲ್ರಿ ಹಬೀಬಭಾಯಿ,” ಎಂದ. “ನಲವತ್ತು ಸುರುಂಗಕ್ಕ ಮದ್ದು ತುಂಬ್ಯಾರ. ಹಾರಿಸಿಲ್ಲ. ಎಲ್ಲಾ ಹಂಗೇ ಕುಂತಾವ.”

“ಇವತ್ತ ಕೆಲಸ ಇಲ್ಲ ಅಂದಿದ್ರೆಲ್ಲ?”

“ಕೆಲಸ ಇಲ್ರಿ. ಅದಕ್ಕೇ ಹಾರಿಸವ್ರೂ ಇಲ್ಲ.”

ಮುಂದೆ ಎರಡು ಫರ್ಲಾಂಗು ರಸ್ತೆ ಬಂಡೆಯ ಬುಡದಲ್ಲೇ ಹಾಯ್ದು ಹೋಗಿತ್ತು. ಬಂಡೆಯ ಮೈತುಂಬ ತೂತು, ತೂತಿನಿಂದ ಇಳಿಬಿದ್ದ ಕೆಂಪು ಹಳದಿ ತಂತಿಗಳು ರಸ್ತೆಯವರೆಗೂ ಹರಡಿದ್ದವು. ಗಾಡಿ ಬೇಡ, ಹುಡುಗಿಯನ್ನು ಕಂಬಳಿಯಲ್ಲಿ ಹಾಕಿ ಇಬ್ಬರೇ ಎತ್ತಿಕೊಂಡು ನಡೆಯಿರಿ, ತಾನು ಮುಂದೆ ಓಡಿ ಕೆಳಗಿನ ಚೌಕಿಯಿಂದ ಜೀಪು ತರಿಸುತ್ತೇನೆ, ಒಂದು ತಾಸು ಸಾಕು ಎಂದು ಕಾಶಿರಾಮ ಕೈಮುಗಿದು ಹೇಳಿದ. ಒಂದು ತಾಸು ಎಂಬುದಷ್ಟೇ ಹಬೀಬನ ಕಿವಿಗೆ ಬಿತ್ತು. ಅನೀಲಕುಮಾರ ಕಾಶಿರಾಮನ ಅಂಗಿ ಹಿಡಿದು ಜಗ್ಗಿದ. ಜಗ್ಗಾಟದಲ್ಲಿ ಗುಂಡಿ ಕಿತ್ತು ಹೋದವು, ಯಾರದೋ ಕಾಲು ತಾಗಿ ಡಬ್ಬಿ ಉರುಳಿತು. ಜೇಬಿಗೆ ಕೈ ಹಾಕಲು ಬಂದಾಗ ಕಾಶಿರಾಮ ಕೀಲಿಕೈ ತೆಗೆದು ಎಸೆದದ್ದು ಆಗಲೇ.

“ಕೈ ತಗಿ,” ಎಂದ ಹಬೀಬ. ಮೂರು ವರ್ಷದಲ್ಲಿ ಅವನು ಕಾಶಿರಾಮನಿಗೆ ಏಕವಚನದಲ್ಲಿ ಮಾತಾಡಿದ್ದು ಅದೇ ಮೊದಲು.

“ಒಂದು ಜೀವಕ್ಕ ಎಂಟು ಜೀವ ಹೋಗ್ತಾವ್ರಿ. ನಾ ತೆಗ್ಯಂಗಿಲ್ಲ.”

ಹಬೀಬ ಹೊಡೆದ. ಬೀಗಕ್ಕೆ ಹೊಡೆಯುತ್ತಿದ್ದೇನೆ ಎಂದು ಆಮೇಲೆ ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡ. ಕಣ್ಣು ಕಂಡದ್ದು ಕೈಯನ್ನೇ. ಮೊದಲ ಏಟಿಗೆ ಬೆರಳುಗಳು ಕಟಕ್ಕೆಂದವು, ಒಣಕಟ್ಟಿಗೆ ಮುರಿದಷ್ಟೇ ಸದ್ದು. ಕಾಶಿರಾಮನ ಬಾಯಿ ತೆರೆಯಿತು, ಕೂಗು ಬರಲಿಲ್ಲ, ಕೈ ಬಿಡಲಿಲ್ಲ. ಎರಡನೇ ಏಟಿಗೂ ಬಿಡಲಿಲ್ಲ. ಅನೀಲಕುಮಾರ ಅವನ ಸೊಂಟ ಹಿಡಿದು ಎಳೆದ. ಎಳೆಯುತ್ತಲೇ ಮುಖ ತಿರುಗಿಸಿ ವಾಂತಿ ಮಾಡಿಕೊಂಡ. ಮೂರನೇ ಏಟು, ನಾಲ್ಕನೇ ಏಟು. ಎಷ್ಟನೆಯದಕ್ಕೆ ಬೀಗ ಒಡೆಯಿತೋ ಹಬೀಬನಿಗೆ ನೆನಪಿಲ್ಲ. ಸರಪಳಿ ಕೆಳಗೆ ಬಿದ್ದಾಗ ಪಾನಾದ ತಲೆಗೆ ರಕ್ತ ಅಂಟಿತ್ತು, ಅಂಗೈಯಲ್ಲಿ ಪಾನಾ ಜಾರುತ್ತಿತ್ತು.

ಗಾಡಿಯಿಂದ ಹಿರಿಯ ಮೇಡಂ ಜಯಮಾಲಾ ಇಳಿದು ಬಂದರು. ಹಬೀಬನ ಮುಖವನ್ನೂ ನೋಡದೆ, ತಮ್ಮ ಸೀರೆಯ ಸೆರಗು ಹರಿದು ಕಾಶಿರಾಮನ ಕೈಗೆ ಸುತ್ತಿದರು. ಸುತ್ತಿ ಮುಗಿಯುವ ಮೊದಲೇ ಬಟ್ಟೆ ಕೆಂಪಾಯಿತು. ಹತ್ತಿರಿ, ಹತ್ತಿರಿ ಎಂದು ಹಬೀಬ ಒದರುತ್ತಿದ್ದ. ಬೈಗುಳ ಕೂಡ ಬಂತು, ಮನೆಯಲ್ಲಿ ಎಂದೂ ಆಡದಂಥ ಬೈಗುಳ.

ಟೆಂಪೊ ಗೇಟು ದಾಟಿದಾಗ ಕಾಶಿರಾಮ ಎದ್ದ. ತೂರಾಡುತ್ತ ಬಂದು ಗಾಡಿಯ ಮುಂದೆ ನಿಂತ. ಇನ್ನೂ ಅಡ್ಡ ಬರುತ್ತಾನೆಂದು ಹಬೀಬನ ಕಾಲು ಎಕ್ಸಲರೇಟರಿನ ಮೇಲೆಯೇ ಇತ್ತು. ಇನ್ನೊಂದು ಚೂರಾದರೆ ಹಾಯಿಸಿಯೇ ಬಿಡುತ್ತಿದ್ದ. ಕಾಶಿರಾಮ ಎಡಗೈಯಲ್ಲಿ ಕೆಂಪು ಬಾವುಟ ಹಿಡಿದಿದ್ದ.

“ಮೊಬೈಲ್ ಎಲ್ಲಾ ಬಂದ್ ಮಾಡ್ರಿ, ಅದಕ್ಕೂ ಮದ್ದು ಸಿಡೀತದ. ನಾ ಇಟ್ಟ ಹೆಜ್ಜಿ ಮ್ಯಾಲೆ ಗಾಲಿ ಬರ್ಲಿ. ತಂತಿ ತುಳಿಬ್ಯಾಡ್ರಿ,” ಎಂದು ತಿರುಗಿ ನಡೆಯತೊಡಗಿದ.

ಎರಡು ಫರ್ಲಾಂಗು. ಕಾಶಿರಾಮ ಮುಂದೆ, ಗಾಡಿ ಹಿಂದೆ. ಒಂದೊಂದು ತಂತಿ ಬಂದಾಗಲೂ ಅವನು ಬಗ್ಗಿ ಬಾವುಟದ ಕೋಲಿನಿಂದ ಅದನ್ನು ಬದಿಗೆ ಸರಿಸುತ್ತಿದ್ದ, ಸುತ್ತಿದ ಸೆರಗಿನಿಂದ ರಕ್ತ ತೊಟ್ಟಿಕ್ಕಿ ರಸ್ತೆಯ ಮೇಲೆ ಗೆರೆ ಬೀಳುತ್ತಿತ್ತು. ಹಬೀಬ ಆ ಗೆರೆಯ ಮೇಲೆಯೇ ಗಾಲಿ ಹಾಯಿಸಿದ. ಮೇಲಿನಿಂದ ಒಂದು ಹರಳು ಉದುರಿ ಟಪ್ಪೆಂದು ಬಾನೆಟ್ಟಿಗೆ ಬಡಿದಾಗ ಗಾಡಿಯೊಳಗೆ ಎಲ್ಲರೂ ಉಸಿರು ಹಿಡಿದರು. ಬೇರೇನೂ ಆಗಲಿಲ್ಲ.

ಆ ತುದಿಯಲ್ಲಿ ಕಾಶಿರಾಮ ಮೈಲಿಗಲ್ಲಿನ ಮೇಲೆ ಕುಸಿದು ಕೂತ. ಹಬೀಬ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಕಾಶಿರಾಮನೇ ಹೇಳಿದ.

“ನಿನ್ನಿ ಸಂಜಿ ಏಳಕ್ಕ ಹಾರಿಸವ್ರಿದ್ರು. ನೀವು ಬರಾಕತ್ತೀರಿ ಅಂತ ನಾನೇ ಕೈಕಾಲ ಹಿಡದು ತಡದೀನಿ. ನೀವು ದಾಟಿದ ಮ್ಯಾಲ ತಂತಿ ಬಿಟ್ರು, ಅಷ್ಟರಾಗ ಹೊತ್ತಾತು, ಅವರು ಲಾರಿ ಹತ್ತಿ ಹೋದ್ರು. ಹೋಗ್ರಿ, ಲಗೂನ ಹೋಗ್ರಿ.”

ನಿನ್ನೆ ಹಬೀಬ ಗೇಟಿಗೆ ಬಂದದ್ದು ಏಳು ಗಂಟೆ ಹತ್ತು ನಿಮಿಷಕ್ಕೆ. ತಡವಾದದ್ದು ಹುಲಸೂರಿಗೆ ಬುತ್ತಿ ತರಲು ಹೋದದ್ದಕ್ಕೆ.

ಅವನು ಗೇರು ಹಾಕಿ ಹೊರಟ. ಆರನೇ ತಿರುವು ದಾಟಿ, ಕನ್ನಡಿಯಲ್ಲಿ ಹಿಂದಿನ ಸೀಟುಗಳನ್ನು ನೋಡಿದಾಗಲೇ ಅವನಿಗೆ ಹೊಳೆದದ್ದು, ಗಾಡಿಯಲ್ಲಿ ಒಂದು ಸೀಟು ಖಾಲಿ ಇತ್ತು. ಹನ್ನೆರಡು ಸೀಟಿನ ಗಾಡಿಯಲ್ಲಿ ತಾನೂ ಸೇರಿ ಒಂಬತ್ತು ಜನ. ಒಂದಲ್ಲ, ಮೂರು ಸೀಟು ಖಾಲಿ ಇದ್ದವು. ಆದರೂ ತಿರುಗಿಸಲಿಲ್ಲ.

ಸ್ನೇಹಲ ಉಳಿದಳು. ಔಷಧ ಏರಿಸಿ, ಮೂರನೇ ದಿನಕ್ಕೆ ಕಣ್ಣು ತೆರೆದು ನೀರು ಕೇಳಿದಳು. ಇನ್ನೊಂದು ತಾಸು ತಡವಾಗಿದ್ದರೆ ಏನಾಗುತ್ತಿತ್ತು ಎಂದು ಹಬೀಬ ಡಾಕ್ಟರರನ್ನು ಕೇಳಿದ. ಸಾಯುತ್ತಿದ್ದಳು ಎನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದ. ಡಾಕ್ಟರು ಒಳ್ಳೆಯವರು, ಅವನನ್ನು ಸಮಾಧಾನ ಮಾಡಲೆಂದೇ, ಒಂದು ತಾಸು ಹೆಚ್ಚುಕಡಿಮೆಯಾಗಿದ್ದರೂ ಹೆದರುವಂಥದ್ದೇನೂ ಇರಲಿಲ್ಲ ಎಂದರು. ಹಬೀಬ ಆಸ್ಪತ್ರೆಯ ಹಿಂದೆ ಹೋಗಿ ಗೋಡೆಗೆ ಹಣೆ ಚಚ್ಚಿಕೊಂಡ. ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ. ಆದರೆ ಇಲ್ಲಿ ಕೊಯ್ದದ್ದು ತನ್ನ ಮೂಗನ್ನಲ್ಲ.

ಪೊಲೀಸರು ಬರುತ್ತಾರೆಂದು ಕಾದ. ಯಾರೂ ಬರಲಿಲ್ಲ. ಮೇಲಿನಿಂದ ಬಂಡೆ ಉರುಳಿ ಗೇಟಿಗೂ ಕೈಗೂ ಬಿತ್ತೆಂದು ಕಾಶಿರಾಮ ಬರೆಸಿಕೊಟ್ಟಿದ್ದನಂತೆ.

ಆರು ವಾರದ ಮೇಲೆ ಹಬೀಬ ಹುಲಸೂರಿಗೆ ಹೋದ. ಕಾಶಿರಾಮ ಪಡಸಾಲೆಯಲ್ಲಿ ಕೂತಿದ್ದ. ಬಲಗೈಯಲ್ಲಿ ಹೆಬ್ಬೆರಳು ಮತ್ತು ಅದರ ಪಕ್ಕದ್ದು ಮಾತ್ರ ಉಳಿದಿದ್ದವು, ಉಳಿದದ್ದು ಬಿಳಿ ಪಟ್ಟಿಯ ಮುದ್ದೆ. ಅಂಬುಬಾಯಿ ನೀರು ತಂದು ಕೊಟ್ಟಳು. ಬುತ್ತಿ ಮುಟ್ಟಿಸಿದ್ದಕ್ಕೆ ಎರಡೆರಡು ಸಲ ಉಪಕಾರ ಹೇಳಿದಳು. ಆಮೇಲೆ, ಬಹಳ ದಿನದಿಂದ ಕೇಳಬೇಕೆಂದಿದ್ದವಳಂತೆ, ಬಾಗಿಲಿಗೆ ಒರಗಿ ನಿಂತು ಕೇಳಿದಳು.

“ಭಾಯಿ, ಆ ಬಂಡೆಗಲ್ಲು ಬೀಳೂದಕ್ಕ ಮೊದಲ ಇವರು ಉಂಡಿದ್ರೇನ್ರಿ? ಇವರನ್ನ ಕೇಳಿದ್ರ ಉಂಡೀನಿ ಅಂತಾರ, ನಂಗ ನಂಬಿಕಿ ಬರಂಗಿಲ್ಲ.”

ರಸ್ತೆಯ ತುಂಬ ಚೆಲ್ಲಿದ ಭಜ್ಜಿ, ಅದರ ಮೇಲೆ ತನ್ನ ಗಾಲಿಯ ಗುರುತು ಹಬೀಬನಿಗೆ ಕಂಡಿತು. “ವೈನಿ,” ಎಂದ.

“ಉಂಡೀನಿ ಅಂತ ಎಷ್ಟು ಸಲ ಹೇಳ್ಬೇಕು,” ಎಂದ ಕಾಶಿರಾಮ. “ಹೋಗು, ಅವರಿಗಿ ಊಟಕ್ಕ ಹಾಕು.”

ಅವಳು ಇಬ್ಬರಿಗೂ ತಟ್ಟೆ ತಂದಿಟ್ಟು, ಪಲ್ಯ ತರಲು ಒಳಗೆ ಹೋದಳು. ತಟ್ಟೆಯಲ್ಲಿ ಜೋಳದ ಖಡಕ್ ರೊಟ್ಟಿ. ಅದನ್ನು ಮುರಿಯಲು ಎರಡು ಕೈ ಬೇಕು. ಹಬೀಬನ ಕೈ ತಾನಾಗಿ ಕಾಶಿರಾಮನ ತಟ್ಟೆಯ ಕಡೆ ಚಾಚಿತು. ಕಾಶಿರಾಮ ತಟ್ಟೆಯನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡ.

“ಒಂದನೇ ತಾರೀಖಿನಿಂದ ಗೇಟಿನ ಟೈಮ್ ಬದಲಾಗ್ಯದಂತ,” ಎಂದ, ತಲೆ ಎತ್ತದೆ. “ಗ್ಯಾಂಗಿನವ್ರು ಫೋನ್ ಮಾಡಿದ್ರು. ಮುಂಜಾನಿ ಐದರಿಂದ ಏಳು, ಸಂಜಿ ನಾಕರಿಂದ ಆರು. ಬರ್ಕೋರಿ.”

ಪಟ್ಟಿ ಸುತ್ತಿದ ಕೈಯನ್ನು ರೊಟ್ಟಿಯ ಮೇಲೆ ಊರಿ, ಎಡಗೈಯಿಂದ ಅದರ ಅಂಚು ಹಿಡಿದು ಎತ್ತಿದ. ರೊಟ್ಟಿ ಕಟಕ್ಕೆಂದು ಮುರಿಯಿತು.