ಬಂದರು ಸೇರಿದ ಮೇಲೆ ಹೇಳೋಣ

ಗಲ್ಫಿನ ರಿಗ್ಗೈಯಲ್ಲಿ ನಮ್ಮೂರ ಕಡೆಯ ಪುತ್ತಬ್ಬಾಕನ ಫ್ಲಾಟಿನಲ್ಲಿ ತಿಂಗಳಿಗೊಂದು ಶುಕ್ರವಾರ ಹಳೆಯ ಸಿನಿಮಾ ಹಾಕುತ್ತಾರೆ. ಇಂಗ್ಲಿಷ್ ಸಬ್‌ಟೈಟಲ್ ಹಿರಿಯರಿಗೆ ಆಗುವುದಿಲ್ಲ. ಯಾರಾದರೂ ಟಿ.ವಿ. ಪಕ್ಕ ಕೂತು ಕನ್ನಡದಲ್ಲಿ ಹೇಳಬೇಕು. ಅದು ನನ್ನ ಗಂಡ ಹರ್ಷಿತನ ಕೆಲಸವಾಗಿತ್ತು. ಮೀನಾ ಅಬ್ದುಲ್ಲಾ ಎಂಬ ಊರಿನ ಕೆಲಸದ ಸೈಟಿನಲ್ಲಿ ಅವನು ಮೇಲಿಂದ ಬಿದ್ದು ತೀರಿಕೊಂಡ ಮೇಲೆ ಆ ಕುರ್ಚಿ ಖಾಲಿ ಇತ್ತು. ಈ ಸಲ ನನ್ನನ್ನು ಕೂರಿಸಿದರು. ಬೇಡ ಎನ್ನುವುದಕ್ಕೂ ಶಕ್ತಿ ಬೇಕು.

ಮಗಳು ಅಶ್ಮಿತಾಳಿಗೆ ಐದು ವರ್ಷ. ಅಪ್ಪ ಸತ್ತಿದ್ದನ್ನು ಅವಳಿಗೆ ಇನ್ನೂ ಹೇಳಿರಲಿಲ್ಲ. ಅವಳ ಪಾಲಿಗೆ ಪಪ್ಪ ದೂರದ ಸೈಟಿನಲ್ಲಿ ಡ್ಯೂಟಿಯಲ್ಲಿದ್ದರು. ಎಲ್ಲರೂ ಸೇರಿ ಹಾಗೆ ತೀರ್ಮಾನಿಸಿದ್ದರು. ಅವಳು ಪುತ್ತಬ್ಬಾಕನ ಹೆಂಡತಿ ಕದೀಜಾರ ಮಡಿಲಲ್ಲಿ ಕೂತಿದ್ದಳು.

ಜರ್ಮನ್ ಚಿತ್ರ, ಸಿನಿಮಾ ಆಗಷ್ಟೇ ಮಾತಾಡಲು ಕಲಿತ ಕಾಲದ್ದು. ಇಡೀ ಕತೆ ಒಂದು ಸರಕು ಹಡಗಿನಲ್ಲಿ. ಯಾರಾದರೂ ಬಾಯಿ ತೆರೆದರೆ ಇಂಜಿನ್ ಸದ್ದು ಥಟ್ಟನೆ ನಿಲ್ಲುತ್ತದೆ.

"ಮಾತಾಡ್ಲಿಕ್ಕೆ ಇಂಜಿನ್ ಬಂದ್ ಮಾಡ್ಬೇಕಾ? ಈ ಕ್ಯಾಪ್ಟನ್ ನಮ್ಮ ಟಗ್ಗಿನಲ್ಲಿದ್ರೆ ಒಂದೇ ದಿನಕ್ಕೆ ಖಲಾಸ್!" ಎಂದರು ಹಡಗು ಎಳೆಯುವ ಟಗ್‌ಬೋಟಿನಲ್ಲಿ ದುಡಿದ ಪುತ್ತಬ್ಬಾಕ.

"ನಿಮ್ಮ ಬಾಯಿಗೂ ಅಂಥದ್ದೊಂದು ಸ್ವಿಚ್ ಇದ್ದಿದ್ರೆ!" ಎಂದರು ಕದೀಜಾ. ಎಲ್ಲರೂ ನಕ್ಕರು.

ಬಿರುಗಾಳಿಯಲ್ಲಿ ಒಬ್ಬ ಅಧಿಕಾರಿ ಸಮುದ್ರಕ್ಕೆ ಬಿದ್ದ. ಅವನ ಹೆಂಡತಿ ಅದೇ ಹಡಗಿನಲ್ಲಿದ್ದಳು. ಕ್ಯಾಪ್ಟನ್ ನಾವಿಕರನ್ನು ಕರೆದ.

"ಅವಳಿಗೆ ಗೊತ್ತಾಗಬಾರದು. ಬಂದರು ಸೇರಿದ ಮೇಲೆ ಹೇಳೋಣ," ಎಂದು ನಾನು ಅವನ ಮಾತನ್ನು ಕನ್ನಡದಲ್ಲಿ ಹೇಳಿದೆ.

ಹರ್ಷಿತ ಬಿದ್ದ ದಿನ ನನ್ನ ಮನೆ ತುಂಬ ಇವರೇ ಇದ್ದರು. 'ಕಾಲಿಗೆ ಸ್ವಲ್ಪ ಪೆಟ್ಟು, ಅಷ್ಟೆ' ಎನ್ನುತ್ತ ಕದೀಜಾ ನನಗೆ ಚಹಾ ಕುಡಿಸಿದ್ದರು. ಸಂಜೆ ಅವರೇ ನಿಜ ಹೇಳುವ ತನಕ ನಾನು ಆಸ್ಪತ್ರೆಗೆಂದು ಅವನ ಬಟ್ಟೆ ಮಡಚುತ್ತಿದ್ದೆ.

"ಸಾಕು ನವ್ಯಾ, ಬೇರೆ ಯಾವುದಾದ್ರೂ ಹಾಕುವಾ." ಪುತ್ತಬ್ಬಾಕ ರಿಮೋಟಿಗೆ ತಡಕಾಡಿದರು.

"ಇರಲಿ."

ಹಡಗಿನಲ್ಲಿ ಆ ಹೆಂಗಸು ಮೇಜಿನ ಮೇಲೆ ಎರಡು ತಟ್ಟೆ ಇಟ್ಟಳು. ಅಡುಗೆಯವನು ಅವಳ ಮುಖ ನೋಡದೆ ಎರಡಕ್ಕೂ ಸೂಪು ಬಡಿಸಿದ.

"ವೈ ಡೋಂಟ್ ದೇ ಟೆಲ್ ಹರ್?" ಅಶ್ಮಿತಾ ಕೇಳಿದಳು.

"ಶ್, ಮಗಾ," ಎಂದರು ಕದೀಜಾ.

ನಾನು ಎದ್ದು ಅವಳನ್ನು ಎತ್ತಿಕೊಂಡು ಒಳಕೋಣೆಗೆ ಹೋದೆ. ಮಂಚದ ತುಂಬ ಬಂದವರ ಕೈಚೀಲಗಳು. ಸರಿಸಿ ಕೂತೆ.

"ಪಪ್ಪ ಸೈಟಿನಲ್ಲಿಲ್ಲ," ಎಂದೆ. "ಮೇಲಿಂದ ಬಿದ್ದರು. ಸತ್ತುಹೋದರು. ಇನ್ನು ಬರುವುದಿಲ್ಲ."

ಅವಳು ನನ್ನನ್ನೇ ನೋಡಿದಳು. "ಹೂ ಟೋಲ್ಡ್ ಯು?"

"ಕದೀಜಾಂಟಿ."

"ಡಿಡ್ ಯು ಕ್ರೈ?"

"ಇಲ್ಲ."

ಸ್ವಲ್ಪ ಹೊತ್ತು ಅವಳು ಒಂದು ಚೀಲದ ಜಿಪ್ಪನ್ನು ಎಳೆಯುತ್ತ, ಮುಚ್ಚುತ್ತ ಕೂತಿದ್ದಳು. ಆಮೇಲೆ ಅವಳೇ ಅತ್ತಳು. ನಾನು ಬೆನ್ನು ನೇವರಿಸಿದೆ.